ಬಚ್ಚಲಿನಲ್ಲಿ ಕಮಲು

ಮಿಜಾರಿನ ಕಾಲೇಜೊಂದರಲ್ಲಿ ಕಚೇರಿ ಅಧೀಕ್ಷಕನಾಗಿರುವ ವಸಂತನಿಗೆ ಹೆದರದ ವಿದ್ಯಾರ್ಥಿ ಆ ಕ್ಯಾಂಪಸ್ಸಿನಲ್ಲಿ ಇಲ್ಲ. ಪ್ರಾಂಶುಪಾಲರಿಗೆ ಹೆದರದವರು ಇದ್ದಾರೆ, ಏಕೆಂದರೆ ಅವರು ಯಾರೆಂದು ಅನೇಕರಿಗೆ ಗೊತ್ತಿಲ್ಲ. ವಸಂತ ಹಾಗಲ್ಲ. ಬೆಳಿಗ್ಗೆ ಗೇಟಿನ ಬಳಿ ನಿಂತು, ಕೊರಳಲ್ಲಿ ಗುರುತಿನ ಚೀಟಿ ಇಲ್ಲದವರನ್ನು ಬದಿಗೆ ಕರೆದು, ಮೊದಲು ಭಾಷಣ, ಆಮೇಲೆ ದಂಡ ಹಾಕುತ್ತಾನೆ. ಭಾಷಣ ಬೇಡ, ದಂಡ ಎರಡು ಪಟ್ಟು ಮಾಡಿ ಎಂದು ಬೇಡಿಕೊಂಡ ಹುಡುಗರೂ ಇದ್ದಾರೆ. ಮನೆಯಲ್ಲಿ ಹೆಂಡತಿ ಸುಪ್ರೀತಾ ತೆಂಗಿನಕಾಯಿ ಮುಗಿಯಿತೆಂದರೂ 'ಈ ಬಗ್ಗೆ ಪರಿಶೀಲಿಸುವ' ಎನ್ನುವ ಜಾತಿಯ ಮನುಷ್ಯ ಅವನು. ಇಂಥವನು ನಲವತ್ತಾರನೆಯ ವಯಸ್ಸಿನಲ್ಲಿ ಎಂಟು ವರ್ಷದ ಹುಡುಗಿಯಾದ ಎಂದರೆ ಯಾರೂ ನಂಬಲಾರರು. ಯಾರೂ ನಂಬಲಿಲ್ಲ ಕೂಡ. ಫಜೀತಿಯಾದದ್ದು ಅದರಿಂದಲೇ.

ಶುರುವಾದದ್ದು ಕ್ಯಾಂಟೀನಿನ ಹಿಂದಿನ ಕೋಣೆಯಲ್ಲಿ. ಒಂದು ಶನಿವಾರ ಮಧ್ಯಾಹ್ನ ಆ ಕಡೆ ಹೋಗುತ್ತಿದ್ದ ವಸಂತನಿಗೆ ಮುಚ್ಚಿದ ಬಾಗಿಲ ಹಿಂದೆ ದಾಳ ಉರುಳುವ ಸದ್ದು ಕೇಳಿಸಿತು. ಜೂಜು! ತನ್ನ ಸೇವಾವಧಿಯಲ್ಲಿ ಇಂಥದೊಂದು ಸಿಕ್ಕಿಬೀಳಲಿ ಎಂದು ಅವನು ಎಷ್ಟೋ ದಿನದಿಂದ ಕಾಯುತ್ತಿದ್ದ. ಬಾಗಿಲು ತಳ್ಳಿದ. ಅನ್ಸಾಫ್, ರಿಫಾ, ಮನ್ವಿತ್ ಎಂಬ ಅಂತಿಮ ವರ್ಷದ ಮೂವರು ಮೇಜಿನ ಸುತ್ತ ಕುಳಿತಿದ್ದರು. ನಡುವೆ ಇಪ್ಪತ್ತು ಮುಖದ ಒಂದು ದಾಳ.

"ಆರು ಮುಖದ್ದು ಸಾಲದು ಅಂತ ಇಪ್ಪತ್ತು ಮುಖದ್ದಾ? ಜೂಜಿನಲ್ಲೂ ಅತಿಯಾಸೆಯಾ?" ಎಂದು ಗದರಿಸಿದ.

"ಜೂಜಲ್ಲ ಸರ್, ಕಥೆ," ಎಂದ ಅನ್ಸಾಫ್. ಮೂಡುಬಿದಿರೆಯ ಹುಡುಗ, ಹೆದರಿದ್ದರೂ ಮಾತು ಸ್ಪಷ್ಟ. "ನಾನು ಕಥೆ ಹೇಳ್ತೇನೆ. ಇವರು ಕಥೆಯ ಒಳಗಿನ ಪಾತ್ರ ಆಗಿ ಮಾತಾಡ್ತಾರೆ. ಕಷ್ಟದ ಕೆಲಸ ಬಂದ್ರೆ ದಾಳ ಹಾಕುದು. ಹೆಚ್ಚು ಬಿದ್ರೆ ಆಯ್ತು, ಕಡಿಮೆ ಬಿದ್ರೆ ಹೋಯ್ತು. ಬೇಕಾದ್ರೆ ಕೂತು ನೋಡಿ ಸರ್."

ಪರಿಶೀಲನೆಗೋಸ್ಕರ ವಸಂತ ಕುಳಿತ. ಪರಿಶೀಲನೆ ಎಂಬ ಶಬ್ದ ಬಂದರೆ ಅವನು ಎಲ್ಲಿ ಬೇಕಾದರೂ ಕುಳಿತಾನು. ಆ ದಿನ ಬಾರದ ಒಬ್ಬಳ ಪಾತ್ರ ಖಾಲಿ ಇತ್ತು. ತಂದೆತಾಯಿ ಇಲ್ಲದ, ಎಂಟು ವರ್ಷದ ಹುಡುಗಿ. ಹೆಸರು ನೀವೇ ಇಡಿ ಸರ್ ಎಂದರು. "ಕಮಲು," ಎಂದುಬಿಟ್ಟ ವಸಂತ. ಯಾಕೆ ಹಾಗೆಂದನೋ ಅವನಿಗೇ ಗೊತ್ತಿಲ್ಲ, ಬಾಯಿಗೆ ಬಂತು.

ಐದಡಿಗೂ ಒಂದಿಂಚು ಕಡಿಮೆ ಇದ್ದ ರಿಫಾ ಆಟದಲ್ಲಿ ಏಳಡಿಯ ಸೇನಾಪತಿ. ಮೀಸೆ ಚಿಗುರದ ಮನ್ವಿತ್ ಮುನ್ನೂರು ವರ್ಷದ ಮಾಂತ್ರಿಕ. ಕಾಡಿನ ನಡುವೆ ರಾಕ್ಷಸ ಎದುರಾದ. ಈಗ ಕಮಲು ಏನು ಮಾಡುತ್ತಾಳೆ ಎಂದು ಅನ್ಸಾಫ್ ಕೇಳಿದ. ವಸಂತ ಗಂಟಲು ಸರಿಮಾಡಿಕೊಂಡ.

"ಸದರಿ ರಾಕ್ಷಸನ ಬಗ್ಗೆ ನನಗೆ ಭಯವಿರುವುದರಿಂದ, ಮುಂದೆ ಹೋಗುವುದರಿಂದ ನನಗೆ ವಿನಾಯಿತಿ ನೀಡಬೇಕಾಗಿ ಕೋರುತ್ತೇನೆ."

ಮೂವರೂ ಉಸಿರು ಬಿಗಿಹಿಡಿದರು. ನಗೆ ತಡೆಯುವುದು ಎಷ್ಟು ಕಷ್ಟವೆಂದು ಅಧೀಕ್ಷಕರ ಎದುರು ಕುಳಿತವರಿಗೇ ಗೊತ್ತು. ಕೊನೆಗೆ ರಿಫಾ ಸೇನಾಪತಿಯ ದಪ್ಪ ಸ್ವರದಲ್ಲಿ, "ಹೆದರ್ಬೇಡ ಮಗು, ಬಾ, ನನ್ನ ಹೆಗಲ ಮೇಲೆ ಕೂತ್ಕೋ," ಎಂದಳು. ಹೆಗಲ ಮೇಲೆ ಕೂರು ಎಂದು ವಸಂತನಿಗೆ ಯಾರಾದರೂ ಹೇಳಿ ಬಹಳ ಕಾಲವಾಗಿತ್ತು. ಅವನು ಕೂತ. ಮುಂದಿನ ಶನಿವಾರವೂ ಹೋಗಿ ಕೂತ. ಆಮೇಲೆ ಪರಿಶೀಲನೆ ಎಂಬ ಶಬ್ದವನ್ನೇ ಬಿಟ್ಟುಬಿಟ್ಟ.

ಒಂದೇ ಕೊರತೆ. "ಸರ್, ಕಮಲು ನೋಟೀಸು ಬೋರ್ಡಿನ ಹಾಗೆ ಮಾತಾಡ್ತಾಳೆ," ಎಂದು ರಿಫಾ ಹೇಳಿದ್ದು ಅವನಿಗೆ ಚುಚ್ಚಿತು. ಮಗುವಿನ ಸ್ವರ ಅಭ್ಯಾಸ ಮಾಡಬೇಕು. ಎಲ್ಲಿ? ಬಂಟ್ವಾಳದ ಅವನ ಮನೆಯಲ್ಲಿ ಬಾಗಿಲು ಹಾಕಿಕೊಂಡರೆ ಯಾರೂ ತಟ್ಟದ ಜಾಗ ಒಂದೇ, ಬಾವಿಯ ಬದಿಗಿರುವ ಬಚ್ಚಲು. ಸಂಜೆ ಹಂಡೆಯ ಬಿಸಿನೀರಿನ ಮುಂದೆ ಟವೆಲು ಸುತ್ತಿಕೊಂಡು ವಸಂತ ಸಣ್ಣ ಸ್ವರ ಎಳೆಯತೊಡಗಿದ. ಮೊದಲ ವಾರ ಬೆಕ್ಕಿನ ಹಾಗೆ ಕೇಳಿಸಿತು. ಸುಪ್ರೀತಾ ಹೊರಗಿನಿಂದ "ಛೂ" ಎಂದು ಓಡಿಸಿದ್ದೂ ಉಂಟು. ಆಮೇಲೆ ಹದಕ್ಕೆ ಬಂತು.

ಅಷ್ಟರಲ್ಲಿ ಪರೀಕ್ಷೆಯ ರಜೆ ಬಂದು ಮಕ್ಕಳೆಲ್ಲ ಮನೆಗೆ ಹೋದರು. ಆಟ ಫೋನಿಗೆ ಬಂತು. ಕಥೆಯಲ್ಲಿ ಕಮಲುವನ್ನು ಮಂತ್ರವಾದಿಯೊಬ್ಬ ಗುಹೆಯೊಳಗೆ ಕೂಡಿಹಾಕಿದ್ದ. ಮೊದಲು ನಿಧಿ ತರುವ, ಮಗುವನ್ನು ಆಮೇಲೆ ಬಿಡಿಸುವ ಎಂದು ಮಾಂತ್ರಿಕ ಮನ್ವಿತನ ವಾದ. ವಸಂತನಿಗೆ ನಿಜವಾಗಿ ಸಿಟ್ಟು ಬಂತು. ದೀಪ ಹಚ್ಚುವ ಹೊತ್ತು. ಬಚ್ಚಲಿನಲ್ಲಿ, ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು, ಅವನು ಕರುಳು ಕಿತ್ತುಬರುವಂತೆ ಅಳತೊಡಗಿದ.

"ಅಣ್ಣಾ, ನನ್ನನ್ನು ಮರ್ತೇಬಿಟ್ರಾ? ನಾನು ಕಮಲು! ಇಲ್ಲಿ ಕತ್ತಲೆ ಉಂಟು. ನೀವೆಲ್ಲ ಮುಂದೆ ಮುಂದೆ ಹೋದ್ರಿ. ನಾನು ಮಾತ್ರ ಎಂಟು ವರ್ಷದವಳೇ ಆಗಿ ಇಲ್ಲೇ ಉಳಿದೆ. ನನ್ನನ್ನು ಕರ್ಕೊಂಡು ಹೋಗ್ಲಿಕ್ಕೆ ಯಾರೂ ಇಲ್ವಾ?"

ಫೋನಿನಾಚೆ ರಿಫಾ ಕಣ್ಣು ಒರೆಸಿಕೊಂಡಳು. ಗೆದ್ದೆನೆಂದು ವಸಂತ ಬಾಗಿಲು ತೆಗೆದ. ಹೊರಗೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅವನ ತಾಯಿ ಸೇಸಮ್ಮ ಕುಳಿತಿದ್ದರು. ಪಕ್ಕದಲ್ಲಿ, ಪಾತ್ರೆ ಹಿಂದೆ ಕೊಡಲು ಬಂದಿದ್ದ ನೆರೆಮನೆಯ ಬೀಯಮ್ಮ, ಪಾತ್ರೆ ಎದೆಗೆ ಅವಚಿಕೊಂಡು ನಿಂತಿದ್ದರು. ಇಯರ್‌ಫೋನು ಟವೆಲಿನೊಳಗೆ ಸೇರಿಹೋಗಿತ್ತು. ಸೇಸಮ್ಮ ಕೈಮುಗಿದರು.

"ಕಮಲು, ನಿನಗೆ ಎಂತ ಬೇಕು ಮಗಾ?"

ವಸಂತನಿಗೆ ಒಬ್ಬಳು ಅಕ್ಕ ಇದ್ದಳೆಂದೂ, ಅವನು ನಾಲ್ಕು ವರ್ಷದವನಿದ್ದಾಗ ಜ್ವರ ಬಂದು ತೀರಿಹೋದಳೆಂದೂ ಅವನಿಗೆ ಗೊತ್ತಿತ್ತು. ಆಕೆಯ ಸುದ್ದಿ ಬಂದರೆ ಮನೆಯವರು 'ಆ ಮಗು' ಎನ್ನುತ್ತಿದ್ದರು, ಅಷ್ಟೇ. ಹೆಸರು ಅವನಿಗೆ ಗೊತ್ತಿರಲಿಲ್ಲ, ಕೇಳಿಯೂ ಇರಲಿಲ್ಲ. ಅದು ಕಮಲು ಎಂದು ಈಗ ತಾಯಿಯ ಮುಖ ನೋಡಿ ಗೊತ್ತಾಯಿತು. ಎಂತದೂ ಇಲ್ಲ ಅಮ್ಮ, ಅದು ಆಟ ಎಂದು ಹೇಳಲು ಬಾಯಿ ತೆರೆದ. ಅರ್ಧ ಗಂಟೆ ಅತ್ತ ಗಂಟಲು ಇನ್ನೂ ಕೆಳಗೆ ಇಳಿದಿರಲಿಲ್ಲ. "ಎಂತದೂ ಇಲ್ಲ ಅಮ್ಮಾ" ಎಂಬಷ್ಟೇ ಬಂತು, ಎಂಟು ವರ್ಷದ ಸ್ವರದಲ್ಲಿ.

"ಅದು ವಸಂತನ ಸ್ವರ ಅಲ್ಲವೇ ಅಲ್ಲ ಸೇಸಮ್ಮ," ಎಂದು ಬೀಯಮ್ಮ ಸಾಕ್ಷಿ ನುಡಿದರು. "ವಸಂತನ ಸ್ವರ ನನಗೆ ಗೊತ್ತಿಲ್ವಾ? ಅವನು ಫೋನಿನಲ್ಲಿ ಮಾತಾಡಿದ್ರೆ ನಮ್ಮ ಮನೆಯಲ್ಲಿ ಮಲಗಿದ ಮಗು ಏಳ್ತದೆ."

ನಮ್ಮ ಕಡೆ ಇದಕ್ಕೆ ಒಂದು ದಾರಿ ಉಂಟು. ಮದುವೆಯಾಗದೆ ತೀರಿಹೋದ ಮಕ್ಕಳು ಅಲ್ಲಿಯೂ ಬೆಳೆಯುತ್ತಾರೆ, ಪ್ರಾಯಕ್ಕೆ ಬರುತ್ತಾರೆ. ಅವರಿಗೆ ತೀರಿಹೋದವರಲ್ಲೇ ಒಂದು ಒಳ್ಳೆಯ ಸಂಬಂಧ ಹುಡುಕಿ, ಎರಡು ಮನೆಯವರು ಸೇರಿ ಮದುವೆ ಮಾಡಿಸಬೇಕು. ಕುಲೆ ಮದುವೆ ಎನ್ನುತ್ತಾರೆ. ಕೊಕ್ಕಡದಲ್ಲಿರುವ ಸೇಸಮ್ಮನ ತಮ್ಮ ಕೂಸಪ್ಪ ಇಂಥದ್ದರಲ್ಲಿ ಎತ್ತಿದ ಕೈ. ಬದುಕಿರುವವರಿಗೆ ಅವರು ಕುದುರಿಸಿದ ಸಂಬಂಧಗಳಲ್ಲಿ ಕೆಲವು ಕೋರ್ಟಿನಲ್ಲಿವೆ. ತೀರಿಹೋದವರಿಗೆ ಕುದುರಿಸಿದ್ದರ ಬಗ್ಗೆ ಇದುವರೆಗೆ ಒಂದು ದೂರೂ ಬಂದಿಲ್ಲ. ಮರುದಿನ ಮೊದಲ ಬಸ್ಸಿಗೇ ಅವರು ಬಂದಿಳಿದರು.

ವಸಂತ ಅವರನ್ನು ಬಾವಿಯ ಹತ್ತಿರ ಕರೆದೊಯ್ದ. ತಾಯಿಗೆ ಹೇಳುವ ಧೈರ್ಯ ಇರಲಿಲ್ಲ, ಮಾವನಿಗಾದರೂ ಹೇಳೋಣ ಎಂದು.

"ಮಾವ, ನಿನ್ನೆ ಮಾತಾಡಿದ್ದು ನಾನೇ."

"ಹೌದು ಮಾರಾಯ, ನೀನೇ. ಅವಳಿಗೆ ಬೇರೆ ಬಾಯಿ ಎಲ್ಲಿ ಉಂಟು?"

"ಹಾಗಲ್ಲ ಮಾವ, ಅದು ಆಟ."

"ಮಕ್ಕಳಲ್ವಾ? ಆಟವೇ ಆಡುದು."

"ನಾನು ಬೇಕೂಂತಲೇ ಹಾಗೆ ಮಾತಾಡಿದ್ದು!"

ಕೂಸಪ್ಪ ಅವನ ಬೆನ್ನು ತಟ್ಟಿದರು. "ಮೊದಮೊದಲು ಎಲ್ಲರಿಗೂ ಹಾಗೇ ಅನ್ನಿಸ್ತದೆ. ನಾಚಿಕೆ ಮಾಡ್ಕೊಳ್ಬೇಡ. ಅಕ್ಕ ತಾನೇ?"

ಸುಪ್ರೀತಾಳಿಗೆ ಹೇಳಿದರೆ ಅವಳು ಕಸಬರಿಕೆ ಕೆಳಗಿಡದೆ ಕೇಳಿದಳು. "ನೀವು ದಾಳ ಹಾಕಿ ಸಣ್ಣ ಹುಡುಗಿ ಆಗ್ತೀರಿ, ಆ ರಿಫಾ ನಿಮ್ಮನ್ನು ಹೆಗಲ ಮೇಲೆ ಹೊರ್ತಾಳೆ. ಇದನ್ನು ನಾನು ನಂಬಬೇಕು. ಇದಕ್ಕಿಂತ ಮೈಮೇಲೆ ಬಂದದ್ದೇ ವಾಸಿ ಮಾರಾಯ್ರೆ. ಜನರ ಹತ್ರ ಹೇಳ್ಲಿಕ್ಕಾದ್ರೂ ಆಗ್ತದೆ. ಬರುದಿದ್ರೆ ಮನೆಕೆಲಸ ಮಾಡುವ ಯಾರಾದ್ರೂ ಬರ್ಬಾರ್ದಿತ್ತಾ ಅಂತ ಮಾತ್ರ ನನ್ನ ಬೇಸರ."

ವಾರದೊಳಗೆ ಕೂಸಪ್ಪ ಗಂಡು ಹುಡುಕಿದರು. ಕಕ್ಕಿಂಜೆಯ ನೋಣಯ್ಯ ಎಂಬವರ ಮಗ, ಚಿಕ್ಕಂದಿನಲ್ಲೇ ಹೊಳೆಯ ಪಾಲಾದವನು. ಎರಡು ಮನೆಯ ಬಳಿ, ಅಂದರೆ ಗೋತ್ರ, ಬೇರೆ ಬೇರೆ, ಅಡ್ಡಿಯಿಲ್ಲ. ಮನೆಯೂ ಒಳ್ಳೆಯದು. ಬರುವ ಆದಿತ್ಯವಾರ ಹುಡುಗನ ಕಡೆಯವರು ನೋಡಲು ಬರುತ್ತಾರೆ ಎಂದಾಯಿತು. ಯಾರನ್ನು ನೋಡಲು ಎಂದು ವಸಂತ ಕೇಳಿದ. ಎಲ್ಲರೂ ಅವನನ್ನೇ ನೋಡಿದರು.

ಅವನು ರಿಫಾ, ಅನ್ಸಾಫರ ಫೋನು ಎತ್ತುವುದನ್ನು ಬಿಟ್ಟ. ಬಚ್ಚಲಿಗೆ ಹೋದರೆ ಬಾಗಿಲು ಅರ್ಧ ತೆರೆದೇ ಸ್ನಾನ ಮಾಡಿದ. ಆದರೆ ಸೇಸಮ್ಮ ಬದಲಾಗಿದ್ದರು. ಮೊಣಕಾಲು ನೋವೆಂದು ಅಂಗಳಕ್ಕೂ ಇಳಿಯದವರು ಬೀಯಮ್ಮನನ್ನು ಕರೆದುಕೊಂಡು ಪೇಟೆಗೆ ಹೋಗಿ ಬಂದರು. ಚೀಲದಿಂದ ಗಾಜಿನ ಬಳೆ ತೆಗೆದು ವಸಂತನ ಮುಂದೆ ಇಟ್ಟರು. ಒಂದು ಕಡೆ ಹಸಿರು, ಒಂದು ಕಡೆ ಕೆಂಪು.

"ಅವಳ ಹತ್ರ ಒಮ್ಮೆ ಕೇಳು ಮಗ. ಅವಳಿಗೆ ಯಾವುದು ಆಗಬಹುದು?"

ತಾಯಿಯ ಕಣ್ಣಲ್ಲಿ ಅಂಥ ಆಸೆಯನ್ನು ವಸಂತ ಕಂಡಿರಲಿಲ್ಲ. ಈಗ ಹೇಳಬೇಕು, ಇದು ಸುಳ್ಳು ಎಂದು ಈಗಲೇ ಹೇಳಬೇಕು ಎಂದುಕೊಂಡ. ಹೇಳಿದರೆ ಈ ಮುಖ ಏನಾಗುತ್ತದೆ ಎಂದೂ ಅಂದುಕೊಂಡ. "ಹಸಿರು," ಎಂದ. ಹೇಳಿ, ದನದ ಹಟ್ಟಿಯ ಹಿಂದೆ ಹೋಗಿ ಒಬ್ಬನೇ ನಿಂತ. ಗೇಟಿನಲ್ಲಿ ನೂರಾರು ಮಕ್ಕಳನ್ನು ತಲೆತಗ್ಗಿಸಿ ನಿಲ್ಲಿಸಿದ್ದವನಿಗೆ ತಲೆತಗ್ಗಿಸುವುದೆಂದರೆ ಏನೆಂದು ಆ ದಿನ ತಿಳಿಯಿತು. ಅವನಿಗೆ ತನ್ನ ಬಗ್ಗೆ ಹೇಸಿಗೆಯಾಯಿತು.

ಆದಿತ್ಯವಾರ ನೋಣಯ್ಯ ಬಂದರು. ಬಿಳಿ ಅಂಗಿ, ಮಡಿಸಿದ ಕೊಡೆ, ಎಣಿಸಿ ಆಡುವ ಮಾತು. ಜೊತೆಗೆ ಅವರ ಕಡೆಯ ಇಬ್ಬರು ಹೆಂಗಸರು. ಚಾವಡಿಯಲ್ಲಿ ವಸಂತನನ್ನು ಚಾಪೆಯ ಮೇಲೆ ಕೂರಿಸಿದ್ದರು. ಆ ಹೆಂಗಸರು ಅವನನ್ನು ಮೇಲಿಂದ ಕೆಳಗೆ ನೋಡಿ ತಮ್ಮೊಳಗೆ ಏನೋ ಪಿಸುಗುಟ್ಟಿದರು.

"ಹುಡುಗಿಗೆ ಕೋಪ ಎಲ್ಲ ಹೇಗೆ?" ಎಂದರು ನೋಣಯ್ಯ.

"ಐಡಿ ಕಾರ್ಡು ಇದ್ರೆ ಏನೂ ತೊಂದರೆ ಇಲ್ಲ," ಎಂದಳು ಸುಪ್ರೀತಾ, ಚಾ ಕೊಡುತ್ತಾ.

"ನಮ್ಮ ಹುಡುಗ ಪಾಪದವ. ಅದಕ್ಕೇ ಕೇಳಿದ್ದು. ಒಂದು ಮಾತು ಹುಡುಗಿಯ ಬಾಯಿಂದಲೇ ಕೇಳಿದ್ರೆ ನಮಗೆ ಸಮಾಧಾನ. ಒಪ್ಪಿಗೆ ಉಂಟೋ ಇಲ್ವೋ ಅಂತ."

"ಕೇಳುವ, ಕೇಳುವ," ಎಂದು ಕೂಸಪ್ಪ ವಸಂತನ ಕಡೆಗೆ ತಿರುಗಿದರು. "ಕಮಲು, ಹೇಳು ಮಗಾ."

ವಸಂತ ಚಾಪೆಯ ಅಂಚಿನ ನಾರು ಕೀಳತೊಡಗಿದ. ಸರಿಯಾಗಿ ಆ ಹೊತ್ತಿಗೆ ಅಂಗಳದಲ್ಲಿ ಎರಡು ಸ್ಕೂಟರು ನಿಂತವು. ಕಾಣೆಯಾದ ಸರ್ ಅನ್ನು ಹುಡುಕಿಕೊಂಡು ಮೂಡುಬಿದಿರೆಯಿಂದ ಬಂದಿದ್ದ ಮೂವರು ಮೆಟ್ಟಿಲೇರಿದರು. ಮುಂದೆ ರಿಫಾ. ಮನೆತುಂಬ ಜನ ಕಂಡು, ಅಧೀಕ್ಷಕರನ್ನು ಮನೆಯಲ್ಲಿ ಹೇಗೆ ಕರೆಯಬೇಕೆಂದು ತಿಳಿಯದೆ, ಆಟದಲ್ಲಿ ಕರೆಯುವ ಹಾಗೆಯೇ ಕೇಳಿಬಿಟ್ಟಳು.

"ಅಜ್ಜಿ, ಕಮಲು ಇದ್ದಾಳಾ?"

ನೋಣಯ್ಯನವರ ಕೈಯ ಚಾ ತಟ್ಟೆಗೆ ಚೆಲ್ಲಿತು. "ನೀವು ಯಾರು?" ಎಂದರು ಕೂಸಪ್ಪ, ಎದ್ದು ನಿಂತು. "ನಿಮಗೆ ಕಮಲು ಹೇಗೆ ಗೊತ್ತು?"

"ನಮ್ಮ ಜೊತೆಯೇ ಇದ್ದಳಲ್ಲ," ಎಂದ ಮನ್ವಿತ್, ತಪ್ಪಿತಸ್ಥನ ಮುಖ ಮಾಡಿ. "ನಾನೇ ಅವಳನ್ನು ಕತ್ತಲೆಯಲ್ಲಿ ಬಿಟ್ಟು ಬಂದದ್ದು. ತಪ್ಪಾಯ್ತು. ಅವಳಿಲ್ಲದೆ ನಮಗೆ ಮುಂದೆ ಹೋಗ್ಲಿಕ್ಕೆ ಆಗುದಿಲ್ಲ. ಕರ್ಕೊಂಡು ಹೋಗ್ಲಿಕ್ಕೆ ಬಂದದ್ದು."

ನೋಣಯ್ಯ ಕೊಡೆ ಕೈಗೆತ್ತಿಕೊಂಡರು. "ಕೂಸಪ್ಪ, ಹುಡುಗಿಗೆ ಮೊದಲೇ ಬೇರೆ ಹುಡುಗರ ಸಂಗ ಉಂಟು ಅಂತ ನೀನು ಹೇಳ್ಬೇಕಿತ್ತು. ನಾವು ಮರ್ಯಾದಸ್ಥರು."

"ಅಯ್ಯೋ, ನಮ್ಮ ಹುಡುಗಿ ಅಂಥವಳಲ್ಲ!" ಎಂದು ಸೇಸಮ್ಮ ಕೂಗಿದರು. ನಲವತ್ತೆರಡು ವರ್ಷದ ಹಿಂದೆ ಹೋದ ಮಗಳ ಮಾನಕ್ಕಾಗಿ ತಾಯಿ ಕಂಬ ಹಿಡಿದು ನಿಂತದ್ದನ್ನು ವಸಂತನಿಗೆ ನೋಡಲಾಗಲಿಲ್ಲ. ಎದ್ದು ನಿಂತ. ಕಷ್ಟಕಾಲದಲ್ಲಿ ಅವನ ನಾಲಗೆಗೆ ಬರುವುದು ಒಂದೇ ಭಾಷೆ.

"ಸದರಿ ಕಮಲು ಎಂಬವಳು ನಾನೇ ಆಗಿರುತ್ತೇನೆ."

ಆಮೇಲೆ ಎಲ್ಲವನ್ನೂ ಹೇಳಿದ. ಕ್ಯಾಂಟೀನು, ದಾಳ, ಹೆಗಲು, ಗುಹೆ, ಬಚ್ಚಲು. ಅನ್ಸಾಫ್ ಸಾಕ್ಷಿಗೆ ಜೇಬಿನಿಂದ ಇಪ್ಪತ್ತು ಮುಖದ ದಾಳ ತೆಗೆದು ತೋರಿಸಿದ. ಬೀಯಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಅಡಿಗೆಮನೆಗೆ ಓಡಿದರು. ಹೆಂಗಸರಲ್ಲಿ ಒಬ್ಬಳು, "ಇಷ್ಟು ಪ್ರಾಯದವರು!" ಎಂದಳು. ಕೂಸಪ್ಪ ಮಾತ್ರ ಸ್ವಲ್ಪ ಯೋಚಿಸಿ, "ಓಹೋ, ತಾಳಮದ್ದಳೆಯ ಹಾಗೆ. ಕೂತಲ್ಲೇ ಪಾತ್ರದ ಮಾತಾಡುದು. ಮೊದಲೇ ಹೇಳ್ಬಾರ್ದಿತ್ತಾ?" ಎಂದು ತಮ್ಮ ಮಾನ ಉಳಿಸಿಕೊಂಡರು.

ವಸಂತ ಯಾರನ್ನೂ ನೋಡಲಿಲ್ಲ. "ಅಮ್ಮ, ನನಗೆ ಹೇಳ್ಲಿಕ್ಕೆ ನಾಚಿಕೆ ಆಯ್ತು. ಆಮೇಲೆ ಹೇಳದೆ ಇದ್ದದ್ದಕ್ಕೆ ಹೆಚ್ಚು ನಾಚಿಕೆ ಆಯ್ತು. ಬಳೆಯ ಬಣ್ಣ ಹೇಳಿದ್ದೂ ನಾನೇ," ಎಂದ.

ಸೇಸಮ್ಮ ಕಂಬ ಬಿಟ್ಟು ಅವನ ಹತ್ತಿರ ಬಂದರು.

"ಆ ಹೆಸರು ಯಾರು ಇಟ್ಟದ್ದು?"

"ನಾನೇ."

"ನಿನಗೆ ಯಾರು ಹೇಳಿದ್ದು?"

"ಯಾರೂ ಇಲ್ಲ. ಬಾಯಿಗೆ ಬಂತು."

"ಬರ್ತದೆ," ಎಂದರು ಸೇಸಮ್ಮ. "ನಿನ್ನನ್ನು ಸೊಂಟದಲ್ಲಿ ಕೂರಿಸಿ ಊರಿಡೀ ತಿರುಗಿದ್ದು ಅವಳೇ. ಅಮ್ಮ ಅಂತ ಹೇಳುವ ಮೊದಲು ನೀನು ಕಮಲು ಅಂತ ಹೇಳಿದ್ದು. ಅವಳು ಹೋದ ಮೇಲೆ ಬಾಗಿಲಲ್ಲಿ ನಿಂತು ಕರಿತಾ ಇದ್ದೆ. ನನಗೆ ಕೇಳ್ಲಿಕ್ಕೆ ಆಗ್ಲಿಲ್ಲ ಮಗ. ಬಾಯಿಗೆ ಹೊಡೆದು ಸುಮ್ಮನಿರಿಸಿದೆ. ಆಮೇಲೆ ಈ ಮನೆಯಲ್ಲಿ ಯಾರೂ ಆ ಹೆಸರು ಎತ್ತಲಿಲ್ಲ. ನಾಚಿಕೆ ಆಗ್ಬೇಕಾದ್ದು ನನಗೆ."

ಸೇಸಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಅನ್ಸಾಫನ ಕಡೆಗೆ ತಿರುಗಿದರು.

"ಈಗ ಅವಳು ಎಲ್ಲಿದ್ದಾಳೆ?"

"ಗುಹೆಯಲ್ಲಿ ಅಜ್ಜಿ."

"ಇನ್ನೂ? ಅಷ್ಟು ಸಣ್ಣ ಮಗುವನ್ನು? ಮೊದಲು ಹೊರಗೆ ತನ್ನಿ. ಆಮೇಲೆ ಚಾ."

ಅನ್ಸಾಫ್ ಚಾಪೆಯ ಮೇಲೆ ಕುಳಿತು, ದಾಳವನ್ನು ಸೇಸಮ್ಮನ ಅಂಗೈಯಲ್ಲಿಟ್ಟ. ಗುಹೆಯ ಬಾಗಿಲು ತೆರೆಯಬೇಕಾದರೆ ಹದಿನೈದಾದರೂ ಬೀಳಬೇಕು ಎಂದ. ಹೊರಡಲು ಎದ್ದಿದ್ದ ನೋಣಯ್ಯ ಕೊಡೆ ಊರಿಕೊಂಡು ಬಗ್ಗಿದರು. ಸೇಸಮ್ಮ ಕಣ್ಣುಮುಚ್ಚಿ ದಾಳ ಬಿಟ್ಟರು. ಅದು ಚಾಪೆ ದಾಟಿ, ಉರುಳಿ, ವಸಂತನ ಹೆಬ್ಬೆರಳಿಗೆ ತಾಗಿ ನಿಂತಿತು. ನಾಲ್ಕು. ಅನ್ಸಾಫ್ ಬಗ್ಗಿ ನೋಡಿ, ದಾಳವನ್ನು ಮುಷ್ಟಿಯಲ್ಲಿ ಹಿಡಿದುಕೊಂಡ.

"ಹದಿನೇಳು! ಬಾಗಿಲು ತೆರೆಯಿತು ಅಜ್ಜಿ!"

ನಿಯಮವೆಂದರೆ ನಿಯಮ ಎಂದು ಇಪ್ಪತ್ತು ವರ್ಷ ಹೇಳಿಕೊಂಡು ಬಂದ ಅಧೀಕ್ಷಕ ಬಾಯಿ ಬಿಡಲಿಲ್ಲ. "ಈಗ ಕಮಲು ಎಂತ ಹೇಳ್ತಾಳೆ ಸರ್?" ಎಂದು ಅನ್ಸಾಫ್ ಮೆಲ್ಲಗೆ ಕೇಳಿದ. ಇಡೀ ಚಾವಡಿ ಕಾಯಿತು. ಬಚ್ಚಲಿನಲ್ಲಿ ಅಷ್ಟು ದಿನ ಪಳಗಿಸಿದ ಸಣ್ಣ ಸ್ವರ ಎಷ್ಟು ಎಳೆದರೂ ಬರಲಿಲ್ಲ. ಅವನದೇ ಒಡಕು ಸ್ವರ ಬಂತು.

"ಅಮ್ಮ, ನಾನು ಬಂದೆ."

"ಬಾ," ಎಂದರು ಸೇಸಮ್ಮ.

ನೋಣಯ್ಯ ಕೊಡೆಯನ್ನು ಮತ್ತೆ ಗೋಡೆಗೆ ಒರಗಿಸಿ ಕುಳಿತರು. ಈ ಸಂಬಂಧ ಇನ್ನು ಮುರಿದ ಹಾಗೆಯೇ ಎಂದುಕೊಂಡಿದ್ದ ಕೂಸಪ್ಪನಿಗೆ ಅವರೇ ಹೇಳಿದರು. "ನನ್ನ ಹುಡುಗ ಇಷ್ಟರವರೆಗೆ ಯಾರ ಬಾಯಿಯಲ್ಲೂ ಮಾತಾಡ್ಲಿಲ್ಲ. ಆದ್ರೂ ನಾನು ಹುಡುಗಿ ಹುಡುಕ್ತಾ ಇಲ್ವಾ? ಅವಳು ಕೇಳದಿದ್ರೆ ಎಂತ, ನಾವು ಮಾಡುವ. ದಿನ ನೋಡು."

ಬದುಕಿರುವವರ ಮದುವೆ ನಡೆಯದ, ಮಳೆಗಾಲದ ಆಟಿ ತಿಂಗಳಲ್ಲಿ ಮದುವೆಯಾಯಿತು. ಎರಡು ಮಣೆ, ಒಂದರ ಮೇಲೆ ಮಡಿಸಿದ ಪಂಚೆ, ಇನ್ನೊಂದರ ಮೇಲೆ ಹಸಿರು ಸೀರೆ, ಹಸಿರು ಬಳೆ. ಅನ್ಸಾಫ್, ಮನ್ವಿತ್ ಎಲೆ ಹಾಕಿದರು. ರಿಫಾ ಹೆಣ್ಣಿನ ಕಡೆಯವಳೆಂದು ಬೀಯಮ್ಮನ ಜೊತೆ ಮುಂದಿನ ಸಾಲಿನಲ್ಲೇ ನಿಂತಳು. ವಸಂತ ಯಾರ ಕಣ್ಣಿಗೂ ಬೀಳಬಾರದೆಂದು ಹಿಂದಿನ ಬದಿಯಲ್ಲಿ ಪಾಯಸದ ಬಾಲ್ದಿ ಹಿಡಿದುಕೊಂಡಿದ್ದ. ಹುಡುಗಿಯನ್ನು ಕರೆಯಿರಿ ಎಂದು ಕೂಸಪ್ಪ ಹೇಳಿದರು. ಹೆಸರು ಹಿಡಿದು ಮೂರು ಸಲ ಕರೆಯಬೇಕಂತೆ. ಸೇಸಮ್ಮ ಎದ್ದು, ಬಾಗಿಲಲ್ಲಿ ನಿಂತು, ಊರಿಗೇ ಕೇಳುವಂತೆ ಕರೆದರು.

"ಕಮಲೂ!"

"ಓ!" ಎಂದು ಪಾಯಸದ ಬಾಲ್ದಿಯ ಹಿಂದಿನಿಂದ ಉತ್ತರ ಬಂತು.

ಸೇರಿದ ಜನ ಪೂರ್ತಿ ಹಿಂದಕ್ಕೆ ತಿರುಗಿತು. ವಸಂತ ಕಿವಿಯವರೆಗೆ ಕೆಂಪಾಗಿ ಬಾಲ್ದಿಯೊಳಗೆ ನೋಡತೊಡಗಿದ. ಸುಪ್ರೀತಾ ನಕ್ಕಳು, ಬೀಯಮ್ಮ ನಕ್ಕರು, ನೋಣಯ್ಯನವರೂ ನಕ್ಕುಬಿಟ್ಟರು. ಸೇಸಮ್ಮ ನಗಲಿಲ್ಲ.

"ಅಲ್ಲಿಂದಲೇ ಓ ಹೇಳಿದ್ರೆ ಆಗುದಿಲ್ಲ," ಎಂದರು. "ಬಾಲ್ದಿ ಕೆಳಗಿಟ್ಟು ಬಾ. ಅಕ್ಕನ ಹತ್ರ ನಿಂತ್ಕೋ."